ಎರಡನೇ ಮಹಡಿ, ಎಂಟು ಸಲ: ಬಳ್ಳಾರಿಯ ಒಂದು ಕೌನ್ಸೆಲಿಂಗ್ ರೂಮಿನ ಬಗ್ಗೆ

ಮೊದಲೇ ಹೇಳಿಬಿಡುತ್ತೇನೆ. ಐದಕ್ಕೆ ನಾಲ್ಕು ಸ್ಟಾರ್. ಕಡಿಮೆಯಾದ ಒಂದರಲ್ಲಿ ಅರ್ಧ ಮೆಟ್ಟಿಲಿಗೆ, ಅರ್ಧ ಇಂಗ್ಲಿಷ್ ಫಾರ್ಮಿಗೆ. ಒಳಗೆ ಕೂತು ಮಾತಾಡುವ ಮೇಡಂ ಲೆಕ್ಕದಲ್ಲಿ ನಾನೇನೂ ಕಡಿದಿಲ್ಲ.

ಹೆಸರು, ವಿಳಾಸ ಬರೆಯುವುದಿಲ್ಲ. ಬಳ್ಳಾರಿ ಜೀನ್ಸ್ ಲೈನಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಮೇಡಂ ಹೆಸರು ಇಲ್ಲಿ ಹಾಕಿದರೆ ಸಂಜೆಯೊಳಗೆ ನನ್ನ ಹೆಸರೂ ಹೊರಗೆ ಬರುತ್ತದೆ. "ಆ ಮಾಸ್ಟರ್‌ಗೆ ತಲೆ ಸರಿ ಇಲ್ಲಂತೆ" ಅಂತ ಒಬ್ಬ ಅಂದರೆ ಸಾಕು, ಆರ್ಡರ್ ಕೊಡುವ ಪಾರ್ಟಿಗಳು ಅಡ್ವಾನ್ಸ್ ಕೊಡೋಕೆ ಹಿಂದೆ ಮುಂದೆ ನೋಡುತ್ತಾರೆ. ಇಷ್ಟು ಹೇಳಬಹುದು: ರಾಯಲ್ ಸರ್ಕಲ್‌ನಿಂದ ನಡೆದು ಹೋಗುವಷ್ಟು ದೂರ. ಕೆಳಗೆ ಮೆಡಿಕಲ್ ಶಾಪು, ಎರಡನೇ ಮಹಡಿಯಲ್ಲಿ ರೂಮು. ಬೇಕಾದವರು ಹುಡುಕಿಕೊಳ್ಳುತ್ತೀರಿ.

ಒಂದು ಮಿಕ್ಸಿ ಕೊಳ್ಳಬೇಕಾದರೆ ನಾವು ಹತ್ತು ಜನ ಬರೆದದ್ದು ಓದುತ್ತೇವೆ, ಅಲ್ವಾ? ಇಂಥ ಜಾಗಕ್ಕೆ ಹೋಗೋಕೆ ಮುಂಚೆ ಕೇಳೋಣ ಅಂದರೆ ಒಬ್ಬರೂ ಸಿಗುವುದಿಲ್ಲ. ಹೋದವರು ಬಾಯಿ ಬಿಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಹನ್ನೊಂದು ಮಷಿನಿನ ಸಣ್ಣ ಯೂನಿಟ್. ಜಾಬ್ ವರ್ಕ್. ಪಾರ್ಟಿ ಬಟ್ಟೆ ಕೊಡುತ್ತಾನೆ, ನಾವು ಕತ್ತರಿಸಿ ಹೊಲಿದು ವಾಷಿಂಗಿಗೆ ಕಳಿಸುತ್ತೇವೆ. ಕಟಿಂಗ್ ನನ್ನ ಕೈಯದು. ಹದಿನೇಳನೇ ವಯಸ್ಸಿಗೆ ಕತ್ತರಿ ಹಿಡಿದವನು ನಾನು, ಈಗ ನಲವತ್ಮೂರು. ಯೂನಿಟ್ಟಿನಲ್ಲಿ, ಬೀದಿಯಲ್ಲಿ, ಚಾದಂಗಡಿಯಲ್ಲಿ ಎಲ್ಲರೂ ನನ್ನನ್ನು "ಮಾಸ್ಟರ್ರೇ" ಅಂತಲೇ ಕರೆಯುತ್ತಾರೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೋದ ವರ್ಷ ಮೇ ತಿಂಗಳಲ್ಲಿ 400 ಪ್ಯಾಂಟಿನ ಆರ್ಡರ್ ಬಂತು. ಟೇಬಲ್ ಮೇಲೆ ಒಂದು ಪದರದಲ್ಲಿ 4 ಪ್ಯಾಂಟು ಕೂರುತ್ತವೆ. 50 ಪದರ ಹಾಸಿ ಎರಡು ಸಲ ಕತ್ತರಿಸಿದರೆ ಮುಗಿಯಿತು. ಡೆನಿಮ್‌ನಲ್ಲಿ ಒಂದು ರೋಲಿನ ಬಣ್ಣ ಇನ್ನೊಂದು ರೋಲಿಗೆ ಕೂದಲೆಳೆಯಷ್ಟಾದರೂ ಬೇರೆ ಇರುತ್ತದೆ. ಗಂಜಿ ಇರುವ ಹೊಸ ಬಟ್ಟೆಯಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಕತ್ತರಿಸಿದ ಮೇಲೆ ಪ್ರತಿ ಪದರಕ್ಕೂ ನಂಬರ್ ಸ್ಟಿಕರ್ ಅಂಟಿಸುತ್ತೇವೆ. ಒಂದೇ ಪದರದ ಎಡಗಾಲು ಬಲಗಾಲು ಒಂದೇ ಪ್ಯಾಂಟಿಗೆ ಸೇರಬೇಕಲ್ಲ, ಅದಕ್ಕೆ. ಅವತ್ತು ಎರಡು ಗಂಟೆ ಕರೆಂಟ್ ಹೋಗಿತ್ತು. ಪಾರ್ಟಿ ಫೋನ್ ಮೇಲೆ ಫೋನ್. ನಂಬರ್ ಹಾಕುವ ಕೆಲಸ ಬಿಟ್ಟು ಬಂಡಲ್ ಕಟ್ಟಿ ಟೈಲರುಗಳ ಮುಂದೆ ಇಟ್ಟೆ.

ವಾಷಿಂಗಿನಿಂದ ವಾಪಸ್ ಬಂದಾಗ 68 ಪ್ಯಾಂಟಿಗೆ ಒಂದು ಕಾಲು ಕಡುನೀಲಿ, ಒಂದು ಕಾಲು ಮಾಸಲು ನೀಲಿ. ಬಿಸಿಲಲ್ಲಿ ಹಿಡಿದು ನೋಡಿದರೆ ಎರಡು ಬೇರೆ ಪ್ಯಾಂಟು ಸೀಳಿ ಜೋಡಿಸಿದ ಹಾಗೆ. ಎಲ್ಲಾ ಸೆಕೆಂಡ್ಸ್‌ಗೆ, ಅಂದರೆ ದೋಷ ಇರುವ ಮಾಲಿನ ಲೆಕ್ಕಕ್ಕೆ ಹೋಯಿತು. ದುಡ್ಡು ಮುರಿದುಕೊಂಡರು. ಅದು ಹೋಗಲಿ, ದುಡ್ಡು ಮೂರು ತಿಂಗಳಲ್ಲಿ ತುಂಬಿಕೊಂಡೆ.

ತುಂಬದೇ ಇದ್ದದ್ದು ಬೇರೆ. ಅವತ್ತಿನಿಂದ ಟೇಬಲ್ ಮುಂದೆ ನಿಂತರೆ ಸಾಕು, ತಲೆಯೊಳಗೆ ಶುರು. "ಲೇ, ದಂಡಪಿಂಡ. ನಿನಗ್ಯಾಕಲೇ ಯೂನಿಟ್ಟು? ನಂಬರ್ ಹಾಕೋಕೆ ಬರಲ್ಲ, ಮಾಸ್ಟರ್ ಅಂತೆ ಮಾಸ್ಟರ್." ಈ ಧ್ವನಿ ಹೊಸದಲ್ಲ. ನಾನು ಕೆಲಸ ಕಲಿತ ಹಳೇ ಮಾಸ್ಟರ್ ಹೀಗೇ ಬೈಯುತ್ತಿದ್ದರು. ಪಾಪ, ಅವರು ತೀರಿಕೊಂಡೇ ಹದಿನೈದು ವರ್ಷ ಆಯಿತು. ಅವರು ಹೋದರೂ ಬೈಗುಳ ನನ್ನ ಹತ್ತಿರ ಬಿಟ್ಟು ಹೋಗಿದ್ದಾರೆ. ಮೊದಲು ಒಳಗೊಳಗೇ ಇತ್ತು. ಆಮೇಲೆ ಬಾಯಿಂದ ಹೊರಗೆ ಬರೋಕೆ ಶುರುವಾಯಿತು. ಗಾಡಿ ಕೀ ಮರೆತರೆ "ದಂಡ". ಚಾ ಚೆಲ್ಲಿದರೆ "ದಂಡ". ಹೊಸ ಆರ್ಡರ್ ಎರಡು ಬಂದವು, "ನಮ್ಮ ಕೈಲಾಗಲ್ಲ ಬಿಡಿ" ಅಂತ ನಾನೇ ವಾಪಸ್ ಕಳಿಸಿದೆ.

ಒಂದು ದಿನ ಒಂಬತ್ತನೇ ಕ್ಲಾಸಿನ ಮಗಳು ಗಣಿತದ ಪೇಪರ್ ತಂದಳು. 25ಕ್ಕೆ 9. ನಾನು ಏನೂ ಅನ್ನಲಿಲ್ಲ. ಅವಳೇ ಅಂದಳು, "ನನ್ನದು ದಂಡದ ತಲೆ ಅಪ್ಪಾ, ನಿನ್ನ ಥರಾನೇ." ಬೇಜಾರಿನಿಂದ ಅಂದದ್ದಲ್ಲ. ಟೈಮ್ ಎಷ್ಟಾಯಿತು ಅಂದರೆ ಹೇಳುತ್ತಾರಲ್ಲ, ಹಾಗೆ ಅಂದು ಒಳಗೆ ಹೋದಳು. ಮನೆಯಾಕೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯೋದು ನಿಂತಿತು.

ಹಾಗಂತ ಮರುದಿನವೇ ಕೌನ್ಸೆಲಿಂಗಿಗೆ ಓಡಲಿಲ್ಲ. ಮೊದಲು ಹೋದದ್ದು ಒಂದು ಪಾಸಿಟಿವ್ ಥಿಂಕಿಂಗ್ ಕಾರ್ಯಕ್ರಮಕ್ಕೆ. ಯಾರದು ಅಂತ ಹೇಳುವುದಿಲ್ಲ. ಕಲ್ಯಾಣ ಮಂಟಪ, ಒಂದು ಭಾನುವಾರ, 1,500 ರೂಪಾಯಿ, ಊಟ ಸೇರಿ. ಊಟ ಚೆನ್ನಾಗಿತ್ತು. ವೇದಿಕೆ ಮೇಲಿದ್ದವರು ನಮ್ಮ ಕೈಲಿ ಎದ್ದು ನಿಂತು ಕೂಗಿಸಿದರು. ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು "ನಾನು ಗೆಲ್ಲೋಕೇ ಹುಟ್ಟಿದವನು" ಅಂತ 21 ಸಲ ಹೇಳಬೇಕು ಅಂದರು. ಮನೆಯಲ್ಲಿ ಹೇಳೋಕೆ ನಾಚಿಕೆ. ಯೂನಿಟ್ಟಿನಲ್ಲಿ ಪ್ಯಾಂಟು ಹಾಕಿ ನೋಡುವ ಉದ್ದ ಕನ್ನಡಿ ಇದೆ. ಟೈಲರುಗಳು ಬರೋಕೆ ಮುಂಚೆ ಹೋಗಿ ಅದರ ಮುಂದೆ ನಿಂತು ಹೇಳಿದೆ. ಒಂದನೇ ಸಲಕ್ಕೇ ಒಳಗಿಂದ ಉತ್ತರ: "ಯಾರು, ನೀನಾ? 68." ಎರಡನೇ ಸಲಕ್ಕೆ, "68." ಇಪ್ಪತ್ತೊಂದು ಮುಗಿಯೋಷ್ಟರಲ್ಲಿ ಇಪ್ಪತ್ತೊಂದು ಸಲ ಬೈಸಿಕೊಂಡಿದ್ದೆ. ಹತ್ತು ದಿನ ಮಾಡಿ ಬಿಟ್ಟೆ. ಬಿಟ್ಟದ್ದಕ್ಕೂ ಬೈಗುಳ ಬಿತ್ತು, "ಇದೂ ಆಗಲಿಲ್ಲ ನಿನ್ನ ಕೈಲಿ" ಅಂತ.

ಆಮೇಲೆ ಈ ರೂಮು. ಮೊದಲ ಭೇಟಿಯ ದೂರುಗಳನ್ನು ಹೇಳಿ ಮುಗಿಸುತ್ತೇನೆ.

ಮೆಟ್ಟಿಲು ಕಿರಿದು, ಕಡಿದು. ಎದುರಿಗೆ ಒಬ್ಬರು ಇಳಿದು ಬಂದರೆ ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ಮೊಣಕಾಲು ನೋವಿನವರು, ವಯಸ್ಸಾದವರು ಹತ್ತೋದು ಕಷ್ಟ. ಮೇಲೆ ಕಾಯೋಕೆ ಅಂತ ಬೇರೆ ಜಾಗ ಇಲ್ಲ, ಮೊಗಸಾಲೆಯಲ್ಲಿ ಒಂದು ಬೆಂಚು. ಎದುರು ಬಾಗಿಲು ಟ್ಯೂಷನ್ ಸೆಂಟರಿನದು. ಮಕ್ಕಳನ್ನು ಬಿಡೋಕೆ ಬರುವ ಅಪ್ಪ ಅಮ್ಮ ಎಲ್ಲ ನಿಮ್ಮ ಮುಖ ನೋಡಿಕೊಂಡೇ ಹೋಗುತ್ತಾರೆ. ಮೊದಲ ದಿನ ನಾನು ಪೇಪರ್ ಅಗಲಿಸಿ ಮುಖ ಮುಚ್ಚಿಕೊಂಡು ಕೂತಿದ್ದೆ. ಆಮೇಲೆ ನೋಡಿದರೆ ತಲೆಕೆಳಗೆ ಹಿಡಿದಿದ್ದೆ. ಕುಡಿಯೋಕೆ ನೀರು ಇಟ್ಟಿಲ್ಲ. ಬಳ್ಳಾರಿಯಲ್ಲಿ ಅಂಗಡಿ ಇಟ್ಟು ನೀರು ಇಡದೇ ಇರೋದು ಹೇಗೆ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಫಾರ್ಮು ನಾಲ್ಕು ಪುಟ, ಪೂರ್ತಿ ಇಂಗ್ಲಿಷ್. ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಕನ್ನಡ ಮೀಡಿಯಂ. "ಕಳೆದ ಎರಡು ವಾರದಲ್ಲಿ" ಅಂತ ಶುರುವಾಗುವ ಒಂಬತ್ತು ಪ್ರಶ್ನೆ ಇದ್ದವು. ಅಲ್ಲಿ ಕೂತಿದ್ದ ಹುಡುಗಿ ಓದಿ ಹೇಳಿದಳು. ನಿದ್ದೆ ಬರುತ್ತಾ, ಊಟ ಸೇರುತ್ತಾ, ನಾನು ಕೆಲಸಕ್ಕೆ ಬಾರದವನು ಅನ್ನಿಸುತ್ತಾ, ಸತ್ತು ಹೋದರೆ ವಾಸಿ ಅನ್ನಿಸುತ್ತಾ. ಮೊಗಸಾಲೆಯ ಬೆಂಚಿನ ಮೇಲೆ, ಟ್ಯೂಷನ್ ಮಕ್ಕಳ ಮುಂದೆ, ಇಂಥದ್ದನ್ನು ಯಾರಾದರೂ ಬಾಯಿಬಿಟ್ಟು ಹೇಳುತ್ತಾರಾ? ನಾನು ಎಲ್ಲಕ್ಕೂ "ಇಲ್ಲ" ಅಂದೆ. ಒಳಗೆ ಹೋದ ಮೇಲೆ ಮೇಡಂ ಅದೇ ಪ್ರಶ್ನೆಗಳನ್ನು ಬಾಗಿಲು ಹಾಕಿ ಇನ್ನೊಂದು ಸಲ ಕೇಳಿದರು. ಆವಾಗ ನಿಜ ಹೇಳಿದೆ. ಕನ್ನಡದ ಫಾರ್ಮು ಮಾಡಿಸಿ ಅಂತ ಎಂಟೂ ಸಲ ಹೇಳಿ ಬಂದಿದ್ದೇನೆ. ಇಲ್ಲೂ ಬರೆದಿದ್ದೇನೆ, ಓದಲಿ.

ದೂರು ಮುಗಿಯಿತು.

ಮೇಡಂಗೆ ಮೂವತ್ತೈದರ ಆಸುಪಾಸು. ಸಿರುಗುಪ್ಪದ ಕಡೆಯ ಮಾತು. ಗೋಡೆ ಮೇಲೆ ಸೂರ್ಯೋದಯದ ಫೋಟೋ, ನುಡಿಮುತ್ತು ಯಾವುದೂ ಇಲ್ಲ. ಅದು ನನಗೆ ಹಿಡಿಸಿತು. ಕನ್ನಡಿ ವಿಷಯ ಹೇಳಿದಾಗ ಅವರು ನಗಲಿಲ್ಲ. 2009ರಲ್ಲಿ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಜೊಆನ್ ವುಡ್ ಅನ್ನುವವರು ತಮ್ಮ ಜೊತೆಗಾರರ ಸಂಗಡ ಇದನ್ನೇ ಪರೀಕ್ಷೆ ಮಾಡಿದ್ದಾರೆ ಅಂದರು. ಒಂದಷ್ಟು ಜನರ ಕೈಲಿ "ನಾನು ಪ್ರೀತಿಸಲು ತಕ್ಕ ವ್ಯಕ್ತಿ" ಅನ್ನೋ ಥರದ ಮಾತು ಮತ್ತೆ ಮತ್ತೆ ಹೇಳಿಸಿದರಂತೆ. ತಮ್ಮ ಬಗ್ಗೆ ಮೊದಲೇ ಒಳ್ಳೇ ಅಭಿಪ್ರಾಯ ಇದ್ದವರಿಗೆ ಸ್ವಲ್ಪ ಹಿತ ಆಯಿತಂತೆ. ತಮ್ಮನ್ನು ಕಂಡರೆ ತಮಗೇ ಆಗದವರಿಗೆ ಇನ್ನೂ ಕೆಟ್ಟದೆನಿಸಿತಂತೆ. "ನಂಬಿಕೆ ಇಲ್ಲದ ಮಾತನ್ನು ಗಟ್ಟಿಯಾಗಿ ಹೇಳಿದರೆ ಒಳಗಿರೋರು ವಾದಕ್ಕೆ ಬರ್ತಾರೆ, ಅಷ್ಟೇ ಸರ್" ಅಂದರು. 1,500 ರೂಪಾಯಿ ನೆನಪಾಗಿ ಹೊಟ್ಟೆ ಉರಿಯಿತು. ಆದರೆ ಒಂದು ಸಮಾಧಾನ, ಕನ್ನಡಿ ಮುಂದೆ ಸೋತವನು ನಾನೊಬ್ಬನೇ ಅಲ್ಲ.

ಎರಡನೇ ಸಲ ಒಂದು ಹಾಳೆ ಕೊಟ್ಟರು. ಉದ್ದಕ್ಕೆ ಗೆರೆ ಎಳೆದ ಐದು ಕಾಲಂ. ಏನಾಯಿತು. ಆಗ ತಲೆಯಲ್ಲಿ ಬಂದ ಮಾತು ಏನು, ಇದ್ದದ್ದು ಇದ್ದ ಹಾಗೆ. ಆ ಮಾತು ನಿಜ ಅನ್ನೋಕೆ ಏನು ಸಾಕ್ಷಿ. ನಿಜ ಅಲ್ಲ ಅನ್ನೋಕೆ ಏನು ಸಾಕ್ಷಿ. ಎರಡೂ ನೋಡಿದ ಮೇಲೆ ನ್ಯಾಯವಾಗಿ ಹೇಳಬೇಕಾದ ಮಾತು ಏನು. ಇದರ ಮೂಲ ಆರನ್ ಬೆಕ್ ಅಂತ, ಅಮೆರಿಕದ ಫಿಲಡೆಲ್ಫಿಯಾದಲ್ಲಿದ್ದ ಮನೋವೈದ್ಯರು. 1960ರ ದಶಕದಲ್ಲಿ ಖಿನ್ನತೆಯವರ ಮಾತು ಕೇಳುತ್ತಾ ಕೂತಾಗ ಅವರಿಗೆ ಒಂದು ವಿಷಯ ಹೊಳೆಯಿತಂತೆ. ಇವರ ತಲೆಯೊಳಗೆ ಕರೆಯದೇ ಬರುವ ಮಾತುಗಳ ಒಂದು ಸಾಲು ಓಡುತ್ತಲೇ ಇರುತ್ತದೆ, ಅದನ್ನು ಅವರು ಪರೀಕ್ಷೆ ಮಾಡದೇ ನಂಬಿಬಿಡುತ್ತಾರೆ ಅಂತ. ಬೆಕ್ ತೀರಿಕೊಂಡದ್ದು 2021ರಲ್ಲಿ, ನೂರು ವರ್ಷ ತುಂಬಿದ ಮೇಲೆ. ಅವರ ಮದ್ದು ಅವರಿಗಾದರೂ ನಾಟಿದೆ ಅಂದುಕೊಂಡೆ.

ಹಾಳೆಯನ್ನು ಮನೆಗೆ ತಂದೆ, ತುಂಬಲಿಲ್ಲ. ಕಾಲೇಜು ಹುಡುಗರ ಹೋಮ್‌ವರ್ಕ್ ಥರ ಕಂಡಿತು. ಮೂರನೇ ಸಲ ಬರಿಗೈಲಿ ಹೋದೆ. ಬೈತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಇಷ್ಟೇ: "ಯೂನಿಟ್ಟಿನಲ್ಲಿ ಲೆಕ್ಕ ಎಲ್ಲಿ ಬರೀತೀರಿ?"

ಕಟಿಂಗ್ ರಿಜಿಸ್ಟರಿನಲ್ಲಿ ಅಂದೆ. ಕೆಂಪು ಬಟ್ಟೆ ಬೈಂಡಿನ ಉದ್ದ ಪುಸ್ತಕ. ಲಾಟ್ ನಂಬರ್, ರೋಲ್, ಪದರ, ಸೈಜು, ಒಟ್ಟು ಪೀಸು, ರಿಜೆಕ್ಟು. ಎಷ್ಟು ವರ್ಷದ್ದಿದೆ ಅಂದರು. ಯೂನಿಟ್ ಶುರುವಾದಾಗಿನಿಂದ ಇದೆ, ಆದರೆ ಈಗ ಬರೆಯುತ್ತಿರುವ ಪುಸ್ತಕ 14 ತಿಂಗಳದ್ದು ಅಂದೆ. "ಹಾಳೆ ಬಿಡ್ರಿ, ಅದನ್ನ ತಗೊಂಡು ಬರ್ರಿ."

ನಾಲ್ಕನೇ ಸಲ ರಿಜಿಸ್ಟರ್ ಕಂಕುಳಲ್ಲಿಟ್ಟುಕೊಂಡು ಹೋದೆ. ಮೊಗಸಾಲೆಯಲ್ಲಿ ಟ್ಯೂಷನ್ನಿನ ಒಬ್ಬ ಅಪ್ಪ ನನ್ನನ್ನು ಇನ್ಕಮ್ ಟ್ಯಾಕ್ಸಿನವನು ಅಂದುಕೊಂಡ ಹಾಗಿತ್ತು, ದಾರಿ ಬಿಟ್ಟು ನಿಂತ. ಒಳಗೆ ಮೇಡಂ ನನ್ನ ಕೈಗೇ ಕ್ಯಾಲ್ಕುಲೇಟರ್ ಕೊಟ್ಟರು. ಅವರು ಕೂಡಲಿಲ್ಲ, ನನ್ನ ಕೈಲಿ ಕೂಡಿಸಿದರು. ಪುಟ ಪುಟ ತಿರುಗಿಸಿ ಮುಕ್ಕಾಲು ಗಂಟೆ. 14 ತಿಂಗಳಲ್ಲಿ ಕತ್ತರಿಸಿದ್ದು 18,640 ಪ್ಯಾಂಟು. ಕಟಿಂಗ್ ತಪ್ಪಿನಿಂದ ರಿಜೆಕ್ಟ್ ಆದದ್ದು 131. ಅದರಲ್ಲಿ ಆ ಒಂದು ದಿನದ್ದೇ 68. ಉಳಿದದ್ದು 63.

ನೂರಕ್ಕೆ ಒಂದು ಪೀಸೂ ಇಲ್ಲ. ನಾನು ಎರಡು ಸಲ ಗುಂಡಿ ಒತ್ತಿ ನೋಡಿದೆ.

ಮೇಡಂ "ನೋಡಿದ್ರಾ, ನೀವು ಎಷ್ಟು ಒಳ್ಳೇ ಮಾಸ್ಟರು" ಅನ್ನಬಹುದಿತ್ತು. ಅಂದಿದ್ದರೆ ಒಳಗಿನವನು ಅದಕ್ಕೂ ಏನಾದರೂ ಅಂದಿರುತ್ತಿದ್ದ. ಅವರು ಅನ್ನಲಿಲ್ಲ. "68 ಆಗಿದ್ದು ನಿಜ. ಅದನ್ನ ಅಳಿಸಬೇಡ್ರಿ. ಸಾಕ್ಷಿ ಕಾಲಂನಲ್ಲಿ ಬರೀರಿ. ಪಕ್ಕದಲ್ಲಿ 18,640 ಅಂತಾನೂ ಬರೀರಿ. ಈಗ ನ್ಯಾಯವಾಗಿ ಏನು ಹೇಳಬೇಕು?" ನಾನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದೆ, "ಕರೆಂಟ್ ಹೋದ ದಿನ ನಂಬರ್ ಹಾಕದೇ ಬಂಡಲ್ ಕಟ್ಟಬಾರದು." "ಅಷ್ಟೇನಾ?" "ಅಷ್ಟೇ." ಬರೆದೆ. ಬರೆದದ್ದನ್ನು ಓದಿದರೆ ಅದು ಬೈಗುಳವೂ ಅಲ್ಲ, ಹೊಗಳಿಕೆಯೂ ಅಲ್ಲ. ಕೆಲಸದ ಮಾತು. ಯೂನಿಟ್ಟಿನ ಗೋಡೆ ಮೇಲೆ ಈಗಲೂ ಅಂಟಿಸಿದ್ದೇನೆ, ಹೆಲ್ಪರ್ ಹುಡುಗನಿಗೂ ಉಪಯೋಗ.

ಈ ತಲೆಯ ಮಾತುಗಳಲ್ಲಿ ಕೆಲವು ಜಾತಿ ಇದೆಯಂತೆ. ಒಂದು ಸಲ ತಪ್ಪಿದರೆ ಯಾವಾಗಲೂ ತಪ್ಪುತ್ತೇನೆ ಅನ್ನೋದು ಒಂದು. ಮುಂದೆ ಹಾಳಾಗೋದೇ ಗ್ಯಾರಂಟಿ ಅಂತ ಜ್ಯೋತಿಷ್ಯ ಹೇಳೋದು ಇನ್ನೊಂದು. ಎದುರಿನವರು ನನ್ನ ಬಗ್ಗೆ ಏನಂದುಕೊಂಡರು ಅಂತ ಅವರ ಪರವಾಗಿ ನಾವೇ ಯೋಚನೆ ಮಾಡಿಬಿಡೋದು ಮತ್ತೊಂದು. ನನಗೆ ಚೆನ್ನಾಗಿ ಹಿಡಿದದ್ದು ಲೇಬಲ್. ಮಾಡಿದ ಒಂದು ಕೆಲಸದ ಹೆಸರನ್ನು ಇಡೀ ಮನುಷ್ಯನಿಗೆ ಹೊಲಿದುಬಿಡೋದು. ನಮ್ಮ ಲೈನಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಸೊಂಟದ ಪಟ್ಟಿಗೆ ಹೊಲಿದ ಲೇಬಲ್ ಪ್ಯಾಂಟು ಹರಿದು ಚಿಂದಿಯಾದರೂ ಬಿಡುವುದಿಲ್ಲ. "ನಂಬರ್ ಹಾಕಲಿಲ್ಲ" ಅನ್ನೋದು ಒಂದು ದಿನದ ಕೆಲಸ. "ದಂಡಪಿಂಡ" ಅನ್ನೋದು ಲೇಬಲ್.

ಐದನೇ ಸಲದ್ದು ಅಷ್ಟಕ್ಕಷ್ಟೇ. ಉಸಿರು ಎಳೆಯೋದು ಬಿಡೋದು ಮಾಡಿಸಿದರು, ನನಗೆ ನಿದ್ದೆ ಬಂತು. ಕೆಲವರಿಗೆ ಆಗಿಬರಬಹುದು.

ಆರನೇ ಸಲ ನಡೆದದ್ದಕ್ಕೇ ನಾನು ಇಷ್ಟುದ್ದ ಬರೆಯುತ್ತಿರೋದು.

ಮೇಡಂ ಕೇಳಿದರು, "ಒಳಗಿನ ಮಾತು ಯಾವ ಭಾಷೆಯಲ್ಲಿ ಬರುತ್ತೆ?" ಕನ್ನಡದಲ್ಲೇ ಅಂದೆ, ಸಿಟ್ಟು ಜಾಸ್ತಿಯಾದರೆ ತೆಲುಗಿನ ಎರಡು ಮಾತು ಸೇರುತ್ತೆ. ಅವರು ನಕ್ಕರು. "ಏಕವಚನವೋ ಬಹುವಚನವೋ?" ಇದೆಂಥ ಪ್ರಶ್ನೆ ಅನ್ನಿಸಿತು. ಏಕವಚನ. ಲೇ, ನೀನು, ಮಗನೇ. "ಯೂನಿಟ್ಟಿನಲ್ಲಿ ನಿಮಗೆ ಹಾಗೆ ಯಾರು ಮಾತಾಡ್ತಾರೆ?" ಯಾರೂ ಇಲ್ಲ, ಎಲ್ಲರೂ ಮಾಸ್ಟರ್ರೇ ಅಂತಾರೆ. "ನೀವು ನಿಮ್ಮ ಟೈಲರುಗಳಿಗೆ ಹೇಗೆ ಮಾತಾಡ್ತೀರಿ?" ಹೆಣ್ಣುಮಕ್ಕಳಿಗೆ ಅಕ್ಕ, ದೊಡ್ಡವರಿಗೆ ಅಣ್ಣ, ಹೆಲ್ಪರ್ ಹುಡುಗನಿಗೆ ಮಾತ್ರ ಏನಪ್ಪಾ. "ಅವರಲ್ಲಿ ಯಾರಾದರೂ 68 ಪೀಸು ಕೆಡಿಸಿದ್ದರೆ?" ಬೈಯುತ್ತಿದ್ದೆ, ಯಾಕೆ ಸುಳ್ಳು ಹೇಳಲಿ. ಆದರೆ "ಏನಕ್ಕಾ, ಹಿಂಗಾ ಮಾಡೋದು?" ಅಂತ ಬೈಯುತ್ತಿದ್ದೆ.

"ಹಂಗಾದ್ರೆ ಒಂದು ಕೆಲಸ ಮಾಡ್ರಿ. ನಿಮ್ಮನ್ನ ನೀವು ಬೈಕೊಳ್ಳೋದು ಬಿಡಬೇಡ್ರಿ. ಎಷ್ಟು ಬೇಕಾದ್ರೂ ಬೈಕೊಳ್ರಿ. ಬಹುವಚನದಲ್ಲಿ ಬೈಕೊಳ್ರಿ."

ಇಷ್ಟೇ ಹೋಮ್‌ವರ್ಕು. 2014ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ಮತ್ತು ಜೊತೆಯವರು ಮಾಡಿದ ಕೆಲಸದ ಬಗ್ಗೆ ಹೇಳಿದರು. ಭಾಷಣದಂಥ ಎದೆ ಡವಗುಟ್ಟುವ ಕೆಲಸಕ್ಕೆ ಮುಂಚೆ "ನಾನು, ನಾನು" ಅಂದುಕೊಂಡವರಿಗಿಂತ ಹೊರಗಿನವರ ಥರ ತಮ್ಮ ಹೆಸರು ಹಿಡಿದು ತಮ್ಮ ಜೊತೆ ಮಾತಾಡಿಕೊಂಡವರಿಗೆ ಗಾಬರಿ ಕಡಿಮೆ ಇತ್ತಂತೆ. ಬಹುವಚನ ಮಾತ್ರ ಮೇಡಂ ತಾವೇ ಸೇರಿಸಿಕೊಂಡದ್ದು. "ಇದು ಪುಸ್ತಕದ್ದಲ್ಲ, ನನ್ನ ಅನುಭವದ್ದು. ಇಂಗ್ಲಿಷಿನಲ್ಲಿ ನೀನೂ ಒಂದೇ ನೀವೂ ಒಂದೇ. ನಮ್ಮ ಹತ್ರ ಎರಡಿದೆ, ಯಾಕೆ ಬಿಡಬೇಕು?" ಅಂದರು.

ಮರುದಿನ ಬೆಳಿಗ್ಗೆಯೇ ಅವಕಾಶ ಬಂತು. ಯೂನಿಟ್ಟಿನ ಬೀಗದ ಕೈ ಮನೆಯಲ್ಲೇ ಮರೆತು ಬಂದಿದ್ದೆ. ಶಟರ್ ಮುಂದೆ ನಾಲ್ಕು ಜನ ಟೈಲರುಗಳು ಕಾಯುತ್ತಿದ್ದಾರೆ. ಒಳಗೆ "ಲೇ ದಂಡ" ಅಂತ ಎದ್ದದ್ದನ್ನು ಅರ್ಧಕ್ಕೇ ಹಿಡಿದು ತಿರುಗಿಸಿದೆ. "ಏನ್ರೀ ದಂಡಪಿಂಡಗಳೇ, ಕೀ ಎಲ್ಲಿಟ್ಟು ಬಂದ್ರಿ?" ಅಷ್ಟೇ, ನನಗೆ ನಗು ಬಂದುಬಿಟ್ಟಿತು. ದಂಡಪಿಂಡಕ್ಕೆ ರೀ ಹಚ್ಚಿದರೆ ಬೈಗುಳಕ್ಕೆ ಕಾಲೇ ನಿಲ್ಲುವುದಿಲ್ಲ. ನಗುತ್ತಾ ಗಾಡಿ ತಿರುಗಿಸಿದೆ. ಟೈಲರಕ್ಕ ಒಬ್ಬರು "ಮಾಸ್ಟರ್ರಿಗೆ ಏನಾತು?" ಅಂದದ್ದು ಹಿಂದೆ ಕೇಳಿಸಿತು.

ಎಲ್ಲಾ ಸಲ ನಗು ಬರುವುದಿಲ್ಲ. ಮೊದಲ ಎರಡು ವಾರ ಹತ್ತರಲ್ಲಿ ಏಳು ಸಲ ಏಕವಚನವೇ ಮೊದಲು ಬರುತ್ತಿತ್ತು. ಬಂದ ಮೇಲೆ ತಿದ್ದುತ್ತಿದ್ದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಬರುವವನಂತೂ ಮರ್ಯಾದೆ ಗೊತ್ತಿಲ್ಲದವನು, ಅವನಿಗೆ ರೀ ಕಲಿಸೋಕೆ ಇನ್ನೂ ಆಗಿಲ್ಲ. ಆದರೆ ಒಂದು ವಿಷಯ ಗಮನಿಸಿದ್ದೇನೆ. ಬಹುವಚನದಲ್ಲಿ ಕೇಳಿದರೆ ಪ್ರಶ್ನೆ ಪ್ರಶ್ನೆಯಾಗಿಯೇ ಇರುತ್ತದೆ, ಅದಕ್ಕೆ ಉತ್ತರ ಕೊಡಬಹುದು. "ಯಾಕ್ರೀ ಕೀ ಮರೆತ್ರಿ?" ಅಂದರೆ "ರಾತ್ರಿ ಪ್ಯಾಂಟು ಬದಲಾಯಿಸಿದೆ, ಹಳೇ ಜೇಬಿನಲ್ಲಿ ಉಳೀತು" ಅಂತ ಉತ್ತರ ಬರುತ್ತದೆ. "ಲೇ ದಂಡ" ಅಂದರೆ ಅದಕ್ಕೆ ಏನಂತ ಉತ್ತರ ಕೊಡೋದು?

ಏಳನೇ ಸಲ ಮನೆಯಾಕೆಯನ್ನೂ ಕರೆದುಕೊಂಡು ಹೋದೆ. ಅದರ ವಿವರ ನಮ್ಮ ಮನೆಯ ವಿಷಯ, ಇಲ್ಲಿಗೆ ಬೇಡ. ಅವಳು ಇಳಿಯುವಾಗ ಮೆಟ್ಟಿಲಿನ ಬಗ್ಗೆ ನನಗಿಂತ ಜಾಸ್ತಿ ಬೈದಳು ಅಂತ ಮಾತ್ರ ದಾಖಲೆಗೆ ಇರಲಿ.

ಈಗ ದುಡ್ಡಿನ ಮಾತು. ಒಂದು ಸಲಕ್ಕೆ 600 ರೂಪಾಯಿ, ಐವತ್ತು ನಿಮಿಷ. ಎಂಟು ಸಲಕ್ಕೆ 4,800. ನನ್ನಂಥವನಿಗೆ ಕಡಿಮೆಯಲ್ಲ. 68 ಪ್ಯಾಂಟಿನಲ್ಲಿ ಮುರಿದುಕೊಂಡದ್ದಕ್ಕಿಂತ ಕಡಿಮೆ, ವಾಪಸ್ ಕಳಿಸಿದ ಎರಡು ಆರ್ಡರಿಗಿಂತ ಬಹಳ ಕಡಿಮೆ. ಹಣ ಮೊದಲೇ ಕೇಳುವುದಿಲ್ಲ, ಪ್ಯಾಕೇಜ್ ಅಂತ ಕಟ್ಟಿಸಿಕೊಳ್ಳುವುದಿಲ್ಲ. ಫೋನ್‌ಪೇ ನಡೆಯುತ್ತದೆ. ಟೈಮಿಗೆ ಸರಿಯಾಗಿ ಕರೆಯುತ್ತಾರೆ, ಒಂದು ಸಲ ಮಾತ್ರ ಇಪ್ಪತ್ತು ನಿಮಿಷ ಕಾದೆ.

ದುಡ್ಡು ಕೊಡೋಕೆ ಆಗದಿದ್ದರೆ ದಾರಿ ಇಲ್ಲ ಅಂದುಕೊಳ್ಳಬೇಡಿ. ನಮ್ಮೂರಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೇ ಮನೋರೋಗ ವಿಭಾಗ ಇದೆ. ಫೋನಿನಲ್ಲಿ ಮಾತಾಡಬೇಕು ಅಂದರೆ ಟೆಲಿ ಮಾನಸ್, ನಂಬರ್ 14416. ಕೇಂದ್ರ ಸರ್ಕಾರದ ಈ ಸೇವೆ 2022ರ ಅಕ್ಟೋಬರ್ 10ರಿಂದ ಇದೆ. ಪುಕ್ಕಟೆ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಮೇಡಂ ಮೊದಲ ದಿನವೇ ಈ ನಂಬರನ್ನು ನನ್ನ ಫೋನಿನಲ್ಲಿ ಸೇವ್ ಮಾಡಿಸಿದರು. "ರಾತ್ರಿ ಎರಡಕ್ಕೆ ನಾನು ಫೋನ್ ಎತ್ತಲ್ಲ, ಅವರು ಎತ್ತುತ್ತಾರೆ" ಅಂತ. ಇನ್ನೊಂದು ಮಾತೂ ಖಡಕ್ಕಾಗಿ ಹೇಳಿದರು: ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಊಟ ಬಿಟ್ಟು ಹೋಗಿದ್ದರೆ, ಸಾಯೋ ಯೋಚನೆ ಬರುತ್ತಿದ್ದರೆ, ಈ ಹಾಳೆ ರಿಜಿಸ್ಟರ್ ಆಟ ಸಾಲದು, ಮನೋವೈದ್ಯರನ್ನು ನೋಡಲೇಬೇಕು. ಅಂಥವರನ್ನು ತಾವೇ ಕಳಿಸುತ್ತಾರಂತೆ. ನನ್ನದು ಅಲ್ಲಿಗೆ ಹೋಗಿರಲಿಲ್ಲ.

ಈ ಮಾತಿನ ಮಧ್ಯೆ ಒಂದು ವಿಷಯ ತಿಳಿದು ಬೆರಗಾದೆ. ಬೆಂಗಳೂರಿನ ನಿಮ್ಹಾನ್ಸ್‌ನವರು 1985ರಿಂದ 1990ರವರೆಗೆ ಒಂದು ಇಡೀ ಜಿಲ್ಲೆಯಲ್ಲಿ ಮಾನಸಿಕ ಆರೋಗ್ಯದ ಕೆಲಸ ಮಾಡಿ ನೋಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಹಳ್ಳಿಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ದೊಡ್ಡ ಊರಿಗೆ ಅಲೆಯದೇ ಅಲ್ಲೇ ಔಷಧಿ ಸಿಗುವ ಹಾಗೆ. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಆ ಜಿಲ್ಲೆ ಯಾವುದು ಹೇಳಿ? ನಮ್ಮ ಬಳ್ಳಾರಿ. ಬಳ್ಳಾರಿ ಮಾದರಿ ಅಂತಲೇ ಅದಕ್ಕೆ ಹೆಸರು. ನಾನು ಆಗ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ ಹುಡುಗ. ಗಣಿ, ಬಿಸಿಲು, ಜೀನ್ಸ್ ಅಂತ ಊರಿನ ಬಗ್ಗೆ ಹೇಳಿಕೊಳ್ಳುತ್ತೇವೆ, ಇದನ್ನು ಯಾರೂ ಹೇಳಿಲ್ಲ. ದೇಶಕ್ಕೆ ದಾರಿ ತೋರಿಸಿದ ಊರಿನಲ್ಲೇ ಕೂತು ನಾನು ಪೇಪರ್ ತಲೆಕೆಳಗೆ ಹಿಡಿದು ಮುಖ ಮುಚ್ಚಿಕೊಂಡಿದ್ದೆ.

ಈಗ ಹೇಗಿದ್ದೀನಿ ಅಂತ ಕೇಳಿದರೆ, ಧ್ವನಿ ಹೋಗಿಲ್ಲ. ಹೋಗುತ್ತೆ ಅಂತ ಮೇಡಂ ಯಾವತ್ತೂ ಹೇಳಲಿಲ್ಲ. ಹೋದ ತಿಂಗಳು ಮತ್ತೆ 600 ಪೀಸಿನ ಆರ್ಡರ್ ಬಂತು, ತಗೊಂಡೆ. ಮಧ್ಯಾಹ್ನ ಚಾಕ್ ಗೆರೆ ಒಂದು ಕಡೆ ಅರ್ಧ ಇಂಚು ಆಚೆ ಹೋಗಿದ್ದು ಮಷಿನ್ ಹಚ್ಚೋಕೆ ಮುಂಚೆ ಕಣ್ಣಿಗೆ ಬಿತ್ತು. ಕೈ ತಣ್ಣಗಾಯಿತು. ಒಂದು ನಿಮಿಷ ನಿಂತು ಬಾಯಿಬಿಟ್ಟೇ ಹೇಳಿದೆ, "ಮಾಸ್ಟರ್ರೇ, ಹೋಗಿ ಒಂದು ಚಾ ಕುಡ್ದು ಬರ್ರಿ, ಆಮೇಲೆ ನೋಡೋಣ." ಹೆಲ್ಪರ್ ಹುಡುಗ ತಲೆ ಎತ್ತಿ ಬಾಗಿಲ ಕಡೆ ನೋಡಿದ. "ಯಾರ್ ಬಂದ್ರು ಮಾಸ್ಟರ್ರೇ?" ಯಾರೂ ಇಲ್ಲಪ್ಪಾ, ನಿನಗೂ ಒಂದು ಚಾ ತರ್ತೀನಿ ಅಂದು ಹೊರಟೆ. ಗೆರೆ ಅಳಿಸಿ ಮತ್ತೆ ಹಾಕೋಕೆ ಹತ್ತು ನಿಮಿಷ ಹಿಡಿಯಿತು.

ಮಗಳ ಗಣಿತ ಈಗಲೂ ಅಷ್ಟೇ ಇದೆ, 25ಕ್ಕೆ 11. ಅವಳಿಗೆ ನಾನು ಪಾಠ ಏನೂ ಮಾಡಲಿಲ್ಲ. ಎಂಟು ಲೆಕ್ಕದಲ್ಲಿ ಯಾವುದು ತಪ್ಪಿದೆ ಅಂತ ಇಬ್ಬರೂ ಕೂತು ನೋಡಿದೆವು. ಕಳೆಯುವಲ್ಲಿ ಕೂಡಿದ್ದಾಳೆ, ಮೂರು ಕಡೆ. ಲೆಕ್ಕದ ಬುಕ್ಕಿನ ಹಿಂದೆ ಪೆನ್ಸಿಲ್‌ನಲ್ಲಿ "ಮೇಡಮ್ಮೋರೇ, ಮೈನಸ್ ಗುರುತು ನೋಡ್ರಿ" ಅಂತ ಬರೆದುಕೊಂಡಿದ್ದಾಳೆ. ನಾನು ಹೇಳಿಕೊಟ್ಟದ್ದಲ್ಲ, ನನ್ನಿಂದ ಕೇಳಿಸಿಕೊಂಡದ್ದು.

ಎಂಟನೇ ಸಲ ಮುಗಿದಾಗ ಮೇಡಂ, "ಮುಂದಿನ ವಾರ ಬರಬೇಡ್ರಿ ಮಾಸ್ಟರ್ರೇ, ಮೂರು ತಿಂಗಳು ಬಿಟ್ಟು ಒಂದು ಫೋನ್ ಮಾಡ್ರಿ" ಅಂದರು. ಗಿರಾಕಿಗೆ ಬರಬೇಡ ಅನ್ನೋ ಅಂಗಡಿ ನಾನು ಬೇರೆ ನೋಡಿಲ್ಲ.

ಹೋಗುವವರಿಗೆ ಎರಡು ಮಾತು. ನೀರಿನ ಬಾಟಲಿ ನೀವೇ ತಗೊಂಡು ಹೋಗಿ. ಸಂಜೆ ಐದರಿಂದ ಆರು ಬೇಡ, ಟ್ಯೂಷನ್ ಬಿಡುವ ಹೊತ್ತು, ಮೆಟ್ಟಿಲಲ್ಲಿ ಸಿಕ್ಕಿಕೊಳ್ಳುತ್ತೀರಿ. ಬೆಂಚಿನ ಒಂದು ಕಾಲು ಅಲುಗಾಡುತ್ತದೆ, ಗೋಡೆ ಕಡೆ ಕೂತ್ಕೊಳ್ಳಿ.